ಅಮ್ಮನ ಮಂಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಬಹುದಾ? ತಿಳಿದವರು ಹೇಳಿ

ತುಮಕೂರಿನ ಮಗಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಎರಡೂ ಮಂಡಿ ನೋವು, ಬಲಗಾಲಿನದು ಜಾಸ್ತಿ. ನೆಲದ ಮೇಲೆ ಕೂತರೆ ಯಾರಾದರೂ ಕೈ ಕೊಟ್ಟು ಎಬ್ಬಿಸಬೇಕು. ಈಳಿಗೆ ಮಣೆ ಮೂಲೆಗೆ ಸೇರಿ ಎಷ್ಟೋ ಕಾಲವಾಯಿತು, ಈಗ ಟೇಬಲ್ ಮೇಲೆ ಚಾಕುವಿನಲ್ಲೇ ತರಕಾರಿ ಹೆಚ್ಚುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ ಹೊತ್ತು ಗೋಡೆ ಹಿಡಿದೇ ಓಡಾಟ.

ಇಲ್ಲಿನ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಸವೆತ ಬಲಕ್ಕೆ ಗ್ರೇಡ್ 3, ಎಡಕ್ಕೆ ಗ್ರೇಡ್ 2 ಅಂತ ಬರೆದುಕೊಟ್ಟಿದ್ದಾರೆ (4 ಅಂದರೆ ತೀರಾ ಸವೆದದ್ದು). ಆಪರೇಷನ್‌ಗೆ ಅವಸರವಿಲ್ಲ, ತೂಕ ಇಳಿಸಿ, ವ್ಯಾಯಾಮ ಮಾಡಿ, ತೀರಾ ತಡೆಯಲು ಆಗದಿದ್ದರೆ ಮಾತ್ರೆ ತಗೊಳ್ಳಿ ಅಂದರು. ಅಮ್ಮನಿಗೆ ಇದು ಸಮಾಧಾನ ಆಗಲಿಲ್ಲ. ಇಷ್ಟು ನೋವಿದ್ದರೂ ಏನೂ ಮಾಡದೆ ಕಳಿಸಿದರಲ್ಲ ಅನ್ನುತ್ತಾರೆ.

ಈ ನಡುವೆ ನಮ್ಮ ಚಿಕ್ಕಪ್ಪ ಒಂದು ವಿಡಿಯೊ ಕಳಿಸಿದರು. ಬೆಂಗಳೂರಿನ ಒಂದು ಕ್ಲಿನಿಕ್ಕು. ಹೊಟ್ಟೆಯ ಕೊಬ್ಬು ತೆಗೆದು, ಅದರಿಂದ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ, ಬೇರ್ಪಡಿಸಿ, ಅದೇ ದಿನ ಮಂಡಿಗೆ ಹಾಕುತ್ತಾರಂತೆ, ಸವೆದ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಯ ನುಣುಪಾದ ಹೊದಿಕೆ) ಮತ್ತೆ ಬೆಳೆಯುತ್ತದಂತೆ. ಫೋನ್ ಮಾಡಿದೆ. ಒಂದು ಮಂಡಿಗೆ ಒಂದೂವರೆ ಲಕ್ಷದ ಮೇಲೆ ಹೇಳಿದರು. ಎರಡೂ ಒಟ್ಟಿಗೆ ಮಾಡಿಸಿದರೆ ರಿಯಾಯಿತಿ ಇದೆ, ಆದರೆ ಈ ವಾರದೊಳಗೆ ಅಡ್ವಾನ್ಸ್ ಕಟ್ಟಬೇಕು ಅಂತ. ಅಮ್ಮ ಆಗಲೇ ಬಳೆ ಅಡ ಇಡುವ ಮಾತಾಡುತ್ತಿದ್ದಾರೆ.

ನನಗೆ ತಿಳಿಯಬೇಕಾಗಿರುವುದು: ಕಾರ್ಟಿಲೇಜ್ ನಿಜವಾಗಿಯೂ ಬೆಳೆಯುತ್ತದಾ? ಇದಕ್ಕೆ ಸರ್ಕಾರದ ಅನುಮತಿ ಇದೆಯಾ? ಬೆಂಗಳೂರಿನದೇ ಒಂದು ಕಂಪನಿಯ ಇಂಜೆಕ್ಷನ್‌ಗೆ ಅನುಮತಿ ಸಿಕ್ಕಿದೆ ಅಂತಲೂ ಓದಿದೆ, ಅದೂ ಇದೂ ಒಂದೇನಾ? ಹಾಕಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಲ್ಯಾಬ್ ಮಂಡ್ಯ:

ಮೊದಲು ಒಂದು ಮಾತು. ಈ ವಾರದೊಳಗೆ ಅಡ್ವಾನ್ಸ್ ಕಟ್ಟಿ ಅಂದರಲ್ಲ, ಅದನ್ನು ಕಟ್ಟಬೇಡಿ. ಮಂಡಿ ಸವೆತ ವರ್ಷಗಟ್ಟಲೆ ನಿಧಾನವಾಗಿ ಆಗುವ ತೊಂದರೆ, ಒಂದು ವಾರ ತಡವಾದರೆ ಅಮ್ಮನ ಮಂಡಿಗೆ ಏನೂ ಆಗುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಆದರೆ ಕೋಶ ಬೆಳೆಸುವ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ, ಹಾಗಾಗಿ ಈ ವಿಷಯ ಸ್ವಲ್ಪ ಹತ್ತಿರದಿಂದ ಗೊತ್ತು. ನೀವು ಓದಿರುವುದು ಸ್ಟೆಂಪ್ಯೂಟಿಕ್ಸ್ ಅನ್ನುವ ಬೆಂಗಳೂರಿನ ಕಂಪನಿಯ ವಿಷಯ ಇರಬೇಕು. ಅವರ ಸ್ಟೆಂಪ್ಯೂಸೆಲ್‌ಗೆ ಮಂಡಿ ಸವೆತಕ್ಕೆ ಬಳಸಲು 2022ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಅನುಮತಿ ಕೊಟ್ಟರು, ಆಲ್ಕೆಮ್ ಕಂಪನಿ ಅದನ್ನು ಸ್ಟೆಮ್‌ಒನ್ ಹೆಸರಿನಲ್ಲಿ ಮಾರುತ್ತದೆ. ಅದು ರೋಗಿಯ ಸ್ವಂತ ಕೋಶ ಅಲ್ಲ. ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಪರೀಕ್ಷೆ ಮಾಡಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟ ಕೋಶಗಳು. ಒಂದು ಡೋಸ್ ಅಂದರೆ 25 ಮಿಲಿಯನ್, ಅಂದರೆ ಎರಡೂವರೆ ಕೋಟಿ ಕೋಶ. ಅದರ ಜೊತೆಗೆ ಹೈಲುರಾನಿಕ್ ಆಸಿಡ್ ಅನ್ನುವ ಜೆಲ್ಲನ್ನೂ ಹಾಕುತ್ತಾರೆ.

ನಿಮಗೆ ಕ್ಲಿನಿಕ್‌ನವರು ಹೇಳಿದ್ದು ಇದಲ್ಲವೇ ಅಲ್ಲ. ಹೊಟ್ಟೆ ಕೊಬ್ಬಿನಿಂದ ಅದೇ ದಿನ ತೆಗೆದು ಹಾಕುವುದು ಬೇರೆಯೇ ವಸ್ತು. ಅದರಲ್ಲಿ ಹತ್ತು ತರದ ಕೋಶ ಕಲಸಿಕೊಂಡಿರುತ್ತದೆ, ಪ್ರತಿಯೊಬ್ಬ ರೋಗಿಯಲ್ಲೂ ಬೇರೆ ಬೇರೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಹಾಕುವವರೂ ಇದ್ದಾರೆ. ಅಲ್ಲಂತೂ ಒಂದು ಲಕ್ಷ ಕೋಶ ಎಣಿಸಿದರೆ ಬೇಕಾದ ಜಾತಿಯದು ಒಂದರಿಂದ ಹತ್ತು ಸಿಗುತ್ತದೆ, ಅಷ್ಟೇ. ಒಂದಕ್ಕೆ ಸಿಕ್ಕ ಅನುಮತಿ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಐಸಿಎಂಆರ್, ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ, 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಎಲ್ಲಾ ಪ್ರಯೋಗದ ಹಂತದ್ದು, ಅದನ್ನು ಕ್ಲಿನಿಕಲ್ ಟ್ರಯಲ್, ಅಂದರೆ ಅನುಮತಿ ಪಡೆದು ಜನರ ಮೇಲೆ ನಡೆಸುವ ಪರೀಕ್ಷೆಯ, ಒಳಗೇ ಮಾಡಬೇಕು. ಟ್ರಯಲ್ ಅಂದಮೇಲೆ ಸಿಟಿಆರ್‌ಐ ಅನ್ನುವ ಸರ್ಕಾರಿ ದಾಖಲೆಯಲ್ಲಿ ಅದರ ನಂಬರ್ ಇರಬೇಕು, 2009ರಿಂದ ಅದು ಕಡ್ಡಾಯ. ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ, ಏನಾದರೂ ತೊಂದರೆಯಾದರೆ ಚಿಕಿತ್ಸೆಯ ಖರ್ಚೂ ಪರಿಹಾರವೂ ಟ್ರಯಲ್ ನಡೆಸುವವರದೇ. ಆ ಖರ್ಚು, ಪರಿಹಾರಕ್ಕೆ 2019ರ ನಿಯಮ ಇದೆ. ಟ್ರಯಲ್ ಅಂತಾರೆ, ಲಕ್ಷವೂ ಕೇಳುತ್ತಾರೆ ಅಂದರೆ ಅಲ್ಲೇ ಏನೋ ಸರಿಯಿಲ್ಲ ಅಂತ ತಿಳಿಯಿರಿ.

ಈಗ ಕಾರ್ಟಿಲೇಜ್ ವಿಷಯ. ಹಾಕಿದ ಕೋಶ ಹೋಗಿ ಸವೆದ ಜಾಗದಲ್ಲಿ ಅಂಟಿಕೊಂಡು ಹೊಸ ಕಾರ್ಟಿಲೇಜ್ ಆಗುತ್ತದೆ ಅನ್ನುವ ಚಿತ್ರ ವಿಡಿಯೊಗಳಲ್ಲಿ ಚೆನ್ನಾಗಿ ಕಾಣುತ್ತದೆ. ನಡೆಯುವುದು ಹಾಗಲ್ಲ. ಆ ಕೋಶಗಳಲ್ಲಿ ಹೆಚ್ಚಿನವು ಮಂಡಿಯೊಳಗೆ ಬಹಳ ದಿನ ಉಳಿಯುವುದೇ ಇಲ್ಲ. ಇರುವಷ್ಟು ದಿನ ಕೆಲವು ರಾಸಾಯನಿಕಗಳನ್ನು ಸುರಿಸುತ್ತವೆ, ಅದರಿಂದ ಉರಿಯೂತ ಕಡಿಮೆಯಾಗಬಹುದು, ನೋವು ತಗ್ಗಬಹುದು. ಅನುಮತಿ ಸಿಕ್ಕ ಸ್ಟೆಂಪ್ಯೂಸೆಲ್‌ನ 3ನೇ ಹಂತದ ಟ್ರಯಲ್‌ನಲ್ಲಿ ಗ್ರೇಡ್ 2 ಮತ್ತು 3ರ 146 ಜನ ಇದ್ದರು, ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕೋಶವಿಲ್ಲದ ಇಂಜೆಕ್ಷನ್ ಪಡೆದವರಿಗಿಂತ ಕೋಶ ಪಡೆದವರಿಗೆ ಒಂದು ವರ್ಷದವರೆಗೆ ನೋವು, ಓಡಾಟ ಎರಡೂ ಉತ್ತಮವಾಗಿತ್ತು. ಎಂಆರ್‌ಐನಲ್ಲಿ ಕಾರ್ಟಿಲೇಜ್‌ನ ಗುಣಮಟ್ಟ ಇನ್ನಷ್ಟು ಕೆಡಲಿಲ್ಲ ಅಂತ ಕಂಡಿತು. ಕೆಡಲಿಲ್ಲ ಅನ್ನುವುದು ಬೇರೆ, ಹೊಸದಾಗಿ ಬೆಳೆಯಿತು ಅನ್ನುವುದು ಬೇರೆ, ಅಲ್ವಾ?

ಇನ್ನೊಂದು, ಕೋಶ ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅಂತ ಕೆಲವರು ಮಾರುತ್ತಾರೆ. ಅದೇ ಕಂಪನಿ ಮೊದಲು 60 ಜನರ ಮೇಲೆ ಎರಡೂವರೆ ಕೋಟಿಯಿಂದ ಹದಿನೈದು ಕೋಟಿವರೆಗೆ ನಾಲ್ಕು ಡೋಸ್ ಹಾಕಿ ನೋಡಿತ್ತು. ಚೆನ್ನಾಗಿ ಕೆಲಸ ಮಾಡುವ ಲಕ್ಷಣ ಕಂಡದ್ದು ಎಲ್ಲಕ್ಕಿಂತ ಕಡಿಮೆ ಡೋಸಿನಲ್ಲಿ. ಹದಿನೈದು ಕೋಟಿ ಹಾಕಿಸಿಕೊಂಡವರಲ್ಲಿ ನೋವು, ಊತ ಹೆಚ್ಚಾಯಿತು.

ಹುಬ್ಬಳ್ಳಿ ಹುಡುಗ:

ಅಕ್ಕಾ, ನಮ್ಮ ತಂದೆಯವರಿಗೆ ಇದೇ ಕೊಬ್ಬಿನ ಇಂಜೆಕ್ಷನ್ ಆಗಿದೆ, ಹಾಗಾಗಿ ಹೇಳುತ್ತೇನೆ. ಕ್ಲಿನಿಕ್ ಹೆಸರು ಕೇಳಬೇಡಿ.

ಹೊಕ್ಕುಳದ ಪಕ್ಕ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣ ಕೊಳವೆ ತೂರಿಸಿ ಕೊಬ್ಬು ಎಳೆದರು. ಹಳದಿ ಬಣ್ಣ, ರಕ್ತದ ಎಳೆ ಎಳೆ. ಅದನ್ನು ಯಂತ್ರದಲ್ಲಿ ತಿರುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಸಿರಿಂಜಿನಲ್ಲಿ ಸ್ವಲ್ಪ ಮಬ್ಬು ನೀರಿನಂಥದ್ದು ಬಂತು, ಅದನ್ನೇ ಎರಡೂ ಮಂಡಿಗೆ ಹಂಚಿದರು. ಅದರಲ್ಲಿ ಏನಿದೆ, ಎಷ್ಟಿದೆ ಅಂತ ಒಂದು ಕಾಗದವನ್ನೂ ಕೊಡಲಿಲ್ಲ. ಬಿಲ್ಲಿನಲ್ಲಿ ಪ್ರೊಸೀಜರ್ ಅಂತ ಒಂದೇ ಸಾಲು. ಹೊಟ್ಟೆಯ ಮೇಲೆ ನೀಲಿಗಟ್ಟಿದ್ದು ಮಾಯಲು ಎರಡು ವಾರ ಬೇಕಾಯಿತು.

ಮೊದಲ ಕೆಲವು ತಿಂಗಳು ಅಪ್ಪ ಬಹಳ ಖುಷಿಯಲ್ಲಿದ್ದರು, ಅದನ್ನು ಸುಳ್ಳು ಹೇಳುವುದಿಲ್ಲ. ದುರ್ಗದ ಬೈಲಿಗೆ ನಡೆದು ಹೋಗಿ ಬರುತ್ತಿದ್ದರು. ಆಮೇಲೆ ನೋವು ನಿಧಾನವಾಗಿ ವಾಪಸ್ ಬಂತು, ವರ್ಷ ತುಂಬುವಷ್ಟರಲ್ಲಿ ಮೊದಲಿನ ಹಾಗೇ. ಅವರದು ಗ್ರೇಡ್ 4, ಮೂಳೆಗೆ ಮೂಳೆ ತಾಗುತ್ತಿತ್ತು. ಮತ್ತೆ ಹೋಗಿ ಕೇಳಿದರೆ ಎರಡನೇ ಡೋಸ್ ಬೇಕು ಅಂದರು. ಬೇರೆ ಡಾಕ್ಟರಿಗೆ ತೋರಿಸಿದೆವು. ಈ ಹಂತದಲ್ಲಿ ಯಾವ ಇಂಜೆಕ್ಷನ್ ಹಾಕಿದರೂ ಉಪಯೋಗ ಕಡಿಮೆ ಅಂದರು ಅವರು. ಕೊನೆಗೆ ಮಂಡಿ ಚಿಪ್ಪು ಬದಲಾಯಿಸುವ ಆಪರೇಷನ್ ಮಾಡಿಸಿದೆವು, ಈಗ ಅರಾಮ ಇದ್ದಾರೆ. ಆಪರೇಷನ್ ಅಂದರೆ ಎಲ್ಲರೂ ಹೆದರುತ್ತಾರೆ, ಆದರೆ ಸರ್ಕಾರ 2017ರಲ್ಲೇ ಚಿಪ್ಪಿನ ಬೆಲೆಗೆ ಮಿತಿ ಹಾಕಿದೆ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂನದಕ್ಕೆ ಆಗ 54,720 ರೂಪಾಯಿ ಮತ್ತು ಜಿಎಸ್‌ಟಿ ಅಂತ ಗೊತ್ತು ಮಾಡಿದ್ದರು. ಆಸ್ಪತ್ರೆಯ ಖರ್ಚು ಬೇರೆ. ಎರಡು ಮಂಡಿಯ ಇಂಜೆಕ್ಷನ್‌ಗೆ ಅವರು ಕೇಳುವ ದುಡ್ಡಿನಲ್ಲಿ ಒಂದು ಮಂಡಿಯ ಆಪರೇಷನ್ನೇ ಮುಗಿಯುವ ಆಸ್ಪತ್ರೆಗಳಿವೆ. ನಿಮ್ಮ ಅಮ್ಮನಿಗೆ ಈಗ ಅದು ಬೇಡ, ಆದರೆ ಆ ಬಳೆ ಮುಂದೆ ಬೇಕಾಗಬಹುದು. ಅಡ ಇಡಬೇಡಿ.

ಜಯನಗರದ ನಿವೃತ್ತ:

ಎಲ್ಲರೂ ಒಂದೇ ಕಡೆಯಿಂದ ಹೇಳುತ್ತಿದ್ದೀರಿ, ಅದಕ್ಕೆ ಇದನ್ನೂ ಬರೆಯುತ್ತೇನೆ. ನನ್ನ ಹೆಂಡತಿಗೆ ಅನುಮತಿ ಇರುವ ಇಂಜೆಕ್ಷನ್ನೇ ಹಾಕಿಸಿದೆವು, ಗ್ರೇಡ್ 2 ಇತ್ತು. ಎರಡು ಮೂರು ದಿನ ಮಂಡಿ ಊದಿತ್ತು, ಐಸ್ ಇಟ್ಟೆವು, ಇಳಿಯಿತು. ಈಗ ವರ್ಷದ ಮೇಲಾಯಿತು, ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಒಂದು ಸುತ್ತು ಬರುತ್ತಾರೆ, ಮಾತ್ರೆ ಬಹುತೇಕ ನಿಂತಿದೆ. ಹಾಕುವಾಗ ಅಲ್ಟ್ರಾಸೌಂಡ್‌ನಲ್ಲಿ ಸೂಜಿ ಎಲ್ಲಿದೆ ಅಂತ ನೋಡಿಕೊಂಡೇ ಹಾಕಿದರು, ಬಾಟಲಿಯ ಮೇಲಿನ ಬ್ಯಾಚ್ ನಂಬರ್ ನಮ್ಮ ಫೈಲಿನಲ್ಲಿ ಅಂಟಿಸಿ ಕೊಟ್ಟರು. ಕಾರ್ಟಿಲೇಜ್ ಬೆಳೆಯುತ್ತದೆ ಅಂತ ಡಾಕ್ಟರು ಒಂದು ಸಲವೂ ಹೇಳಲಿಲ್ಲ. ನೋವು ಕಡಿಮೆಯಾಗಬಹುದು, ಆಗದೇ ಇರಲೂಬಹುದು ಅಂದರು. ಅವರು ಹಾಗೆ ನೇರವಾಗಿ ಹೇಳಿದ್ದರಿಂದಲೇ ನಾವು ಒಪ್ಪಿದ್ದು. ಸ್ಟೆಮ್ ಸೆಲ್ ಅಂದ ಕೂಡಲೇ ಎಲ್ಲವೂ ಮೋಸ ಅನ್ನಬೇಡಿ.

ಲ್ಯಾಬ್ ಮಂಡ್ಯ:

ಸರ್, ನಿಮ್ಮ ಮನೆಯವರಿಗೆ ಗುಣವಾಗಿದ್ದು ಕೇಳಿ ಸಂತೋಷ. ಮೋಸ ಅನ್ನುತ್ತಿಲ್ಲ, ನಿಮ್ಮ ಡಾಕ್ಟರು ನಡೆದುಕೊಂಡ ರೀತಿಯೇ ಸರಿಯಾದದ್ದು. ಆದರೆ ಒಬ್ಬರಿಗೆ ವಾಸಿಯಾಯಿತು ಅನ್ನುವುದರಿಂದ ಇಂಜೆಕ್ಷನ್ ಕೆಲಸ ಮಾಡಿತು ಅಂತ ತೀರ್ಮಾನಿಸುವುದು ಮಂಡಿ ನೋವಿನಲ್ಲಿ ಬಹಳ ಕಷ್ಟ. ಈ ನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನೋವು ತಾರಕಕ್ಕೆ ಹೋದಾಗಲೇ ಜನ ಇಂಜೆಕ್ಷನ್‌ಗೆ ಹೋಗುವುದು, ಆಮೇಲೆ ಏನು ಮಾಡಿದರೂ ಸ್ವಲ್ಪ ಇಳಿಯುತ್ತದೆ. ಮಂಡಿಗೆ ಬರೀ ಉಪ್ಪುನೀರು ಹಾಕಿದರೂ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಹಾಯೆನಿಸುತ್ತದೆ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪಿಆರ್‌ಪಿಯನ್ನು, ಅಂದರೆ ಸ್ವಂತ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಇಂಜೆಕ್ಷನ್ನನ್ನು, ಉಪ್ಪುನೀರಿನ ಜೊತೆ ಹೋಲಿಸಿ ನೋಡಿದರು. ವರ್ಷದ ಕೊನೆಗೆ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಸಮ ಇಳಿದಿತ್ತು.

ತುಮಕೂರಿನವರು ಕೊಬ್ಬಿನ ಕೋಶದ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ನೇರ ಉತ್ತರ ಕೊಡುವ ಪ್ರಯೋಗವೂ ಆಗಿದೆ. ಅಮೆರಿಕದಲ್ಲಿ ಮೈಲ್ಸ್ ಅನ್ನುವ ಟ್ರಯಲ್, 475 ಜನ. ಕೆಲವರಿಗೆ ಸ್ವಂತ ಮಜ್ಜೆ, ಕೆಲವರಿಗೆ ಸ್ವಂತ ಕೊಬ್ಬು, ಕೆಲವರಿಗೆ ಹೊಕ್ಕುಳಬಳ್ಳಿಯ ಕೋಶ, ಉಳಿದವರಿಗೆ ಉರಿಯೂತ ತಗ್ಗಿಸಲು ಎಲ್ಲ ಊರಲ್ಲೂ ಸಿಗುವ ಮಾಮೂಲಿ ಸ್ಟಿರಾಯ್ಡ್ ಇಂಜೆಕ್ಷನ್. ಒಂದು ವರ್ಷ ಕಳೆದು ನೋಡಿದರೆ ಎಲ್ಲರಿಗೂ ಮೊದಲಿಗಿಂತ ವಾಸಿ, ಆದರೆ ಮೂರರಲ್ಲಿ ಯಾವ ಕೋಶವೂ ಸ್ಟಿರಾಯ್ಡ್‌ಗಿಂತ ಮೇಲಾಗಲಿಲ್ಲ. ಎಂಆರ್‌ಐನಲ್ಲೂ ವ್ಯತ್ಯಾಸ ಇಲ್ಲ. 2023ರ ನವೆಂಬರ್‌ನಲ್ಲಿ ಇದು ನೇಚರ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಲಕ್ಷ ಕೇಳುವ ಕ್ಲಿನಿಕ್‌ಗಳು ಇದರ ಸುದ್ದಿಯನ್ನೇ ಎತ್ತುವುದಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ. 2025ರಲ್ಲಿ, ಚಿಕಿತ್ಸೆಗಳ ಪುರಾವೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 25 ಟ್ರಯಲ್‌ಗಳನ್ನು, ಒಟ್ಟು 1,341 ಜನರ ಫಲಿತಾಂಶವನ್ನು, ಕೂಡಿಸಿ ನೋಡಿತು. ಕೋಶವಿಲ್ಲದ ಹುಸಿ ಇಂಜೆಕ್ಷನ್‌ಗಿಂತ ನೋವು ಸ್ವಲ್ಪ ಕಡಿಮೆಯಾಗಬಹುದು ಅಂದಿತು, 10 ಅಂಕದ ಅಳತೆಯಲ್ಲಿ ಸುಮಾರು 1 ಅಂಕ. ಅದನ್ನೂ ಗಟ್ಟಿಯಾಗಿ ಹೇಳಲಿಲ್ಲ.

ಅಪಾಯವೇ ಇಲ್ಲ, ನಿಮ್ಮದೇ ಕೋಶ ತಾನೇ ಅನ್ನುತ್ತಾರಲ್ಲ, ಅದನ್ನೂ ಸ್ವಲ್ಪ ಯೋಚಿಸಿ. ಲ್ಯಾಬ್‌ನಲ್ಲಿ ನಾವು ಒಂದು ಬಾಟಲಿ ಕೋಶ ಹೊರಗೆ ತೆಗೆದರೆ 37 ಡಿಗ್ರಿ ನೀರಲ್ಲಿ ಅಲ್ಲಾಡಿಸುತ್ತಾ ಕರಗಿಸುತ್ತೇವೆ, ಸಣ್ಣ ಮಂಜಿನ ಚೂರು ಉಳಿದಾಗಲೇ ಎತ್ತಬೇಕು. ಆಮೇಲೆ ಒಂದು ಹನಿಗೆ ಟ್ರಿಪಾನ್ ಬ್ಲೂ ಅನ್ನುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿರುವುದು ಬಿಳಿಯಾಗಿ ಹೊಳೆಯುತ್ತದೆ. ಎಣಿಸಿ ಬರೆದಿಡದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಬ್ಯಾಕ್ಟೀರಿಯಾ, ಶಿಲೀಂಧ್ರದ ಪರೀಕ್ಷೆ ಬೇರೆ, ಅದಕ್ಕೆ ದಿನಗಳೇ ಹಿಡಿಯುತ್ತವೆ. ಬೆಳಿಗ್ಗೆ ತೆಗೆದು ಮಧ್ಯಾಹ್ನ ಹಾಕುವ ಕಡೆ ಆ ಪರೀಕ್ಷೆಯ ಫಲಿತಾಂಶ ಯಾವಾಗ ಬರಬೇಕು ಹೇಳಿ. ಅಮೆರಿಕದಲ್ಲಿ 2018ರಲ್ಲಿ ಹೊಕ್ಕುಳಬಳ್ಳಿ ರಕ್ತದ ಇಂಥ ಇಂಜೆಕ್ಷನ್‌ಗಳಿಂದ 12 ಜನಕ್ಕೆ ಬ್ಯಾಕ್ಟೀರಿಯಾ ಸೋಂಕು ತಗಲಿ ಆಸ್ಪತ್ರೆ ಸೇರಿದರು. ದಕ್ಷಿಣ ಕೊರಿಯಾದಲ್ಲಿ ಇನ್ವೊಸ್ಸಾ ಅಂತ ಮಂಡಿಗೆ ಹಾಕುವ ಕೋಶ ಔಷಧಿಗೆ 2017ರಲ್ಲಿ ಅನುಮತಿ ಕೊಟ್ಟಿದ್ದರು, ಅದರಲ್ಲಿದ್ದ ಒಂದು ಬಗೆಯ ಕೋಶ ಕಾರ್ಟಿಲೇಜಿನದಲ್ಲ, ಕಿಡ್ನಿ ಮೂಲದ್ದು ಅಂತ ತಿಳಿದು 2019ರಲ್ಲಿ ವಾಪಸ್ ತೆಗೆದುಕೊಂಡರು. ಸರ್ಕಾರದ ಕಣ್ಣಿದ್ದ ಕಡೆಯೇ ಹೀಗಾದರೆ, ಯಾರೂ ನೋಡದ ಕಡೆ ಏನು ಗತಿ?

ಮೈಸೂರು ಫಿಸಿಯೊ:

ನಾನು ಫಿಸಿಯೊಥೆರಪಿಸ್ಟ್. ಮೇಲಿನವರು ಇಂಜೆಕ್ಷನ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ, ನಾನು ಡಾಕ್ಟರ್ ಏನೂ ಮಾಡದೆ ಕಳಿಸಿದರು ಅಂದಿರಲ್ಲ, ಅಲ್ಲಿಗೆ ಬರುತ್ತೇನೆ. ತೂಕ, ವ್ಯಾಯಾಮ ಅಂತ ಎರಡು ಪದ ಹೇಳಿ ಕಳಿಸಿದರೆ ಯಾರಿಗೂ ಅದು ಚಿಕಿತ್ಸೆ ಅನ್ನಿಸುವುದಿಲ್ಲ. ಯಾವುದು, ಎಷ್ಟು, ಹೇಗೆ ಅಂತ ಕೂರಿಸಿ ತೋರಿಸಬೇಕು.

ನಿಮ್ಮ ಅಮ್ಮ ಕುರ್ಚಿಯಿಂದ ಏಳುವಾಗ ಗಮನಿಸಿ. ಎರಡೂ ಕೈಯನ್ನು ತೊಡೆ ಮೇಲೆ ಊರಿ, ಮುಂದಕ್ಕೆ ಬಾಗಿ, ನೋವಿಲ್ಲದ ಕಾಲಿನ ಮೇಲೆ ಭಾರ ಹಾಕಿ ಏಳುತ್ತಿದ್ದರೆ ತೊಡೆಯ ಮುಂಭಾಗದ ಸ್ನಾಯು ಸೋತಿದೆ ಅಂತ ಅರ್ಥ. ನೋವಿಗೆ ಹೆದರಿ ಓಡಾಟ ಕಡಿಮೆ ಮಾಡುತ್ತಾರೆ, ಓಡಾಟ ಕಡಿಮೆಯಾದಷ್ಟೂ ಸ್ನಾಯು ಕರಗುತ್ತದೆ, ಆಗ ಭಾರವೆಲ್ಲಾ ಕೀಲಿನ ಮೇಲೇ. ಕಾರ್ಟಿಲೇಜ್‌ಗೆ ನರವೇ ಇಲ್ಲ, ನೋಯುವುದು ಸುತ್ತಲಿನ ಪೊರೆ ಮತ್ತು ಮೂಳೆ. ಅದಕ್ಕೇ ಎಕ್ಸ್‌ರೇಯಲ್ಲಿ ಗ್ರೇಡ್ 3 ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ, ಗ್ರೇಡ್ 2 ಇದ್ದು ಹಾಸಿಗೆ ಹಿಡಿದವರೂ ಇದ್ದಾರೆ.

ಶುರು ಮಾಡಲು ಇಷ್ಟು ಸಾಕು. ಹಾಸಿಗೆಯಲ್ಲಿ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಅದುಮಿ ಐದು ಎಣಿಸಿ ಬಿಡುವುದು. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ ಹಿಡಿಯುವುದು. ಸ್ವಲ್ಪ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೊದಲ ದಿನ ಐದು ಸಲ ಆದರೂ ಸರಿ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮಾರನೇ ದಿನ ನೋವು ಜಾಸ್ತಿಯಾಗಿ ಉಳಿದರೆ ಅಥವಾ ಮಂಡಿ ಊದಿದರೆ ಕಡಿಮೆ ಮಾಡಿ. ಆರು ವಾರ ಬಿಡದೆ ಮಾಡಿ ನೋಡುವ ಮೊದಲೇ ಇದು ಪ್ರಯೋಜನವಿಲ್ಲ ಅನ್ನಬೇಡಿ. ತೂಕದ ಲೆಕ್ಕ ಕೇಳಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಮೇಲೆ ಇಡುವ ಕುರ್ಚಿ ತನ್ನಿ, ಮೆಡಿಕಲ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಊರುಗೋಲನ್ನು ನೋವು ಕಡಿಮೆ ಇರುವ ಕಡೆಯ ಕೈಯಲ್ಲಿ ಹಿಡಿಯಬೇಕು, ಅಂದರೆ ಅಮ್ಮ ಎಡಗೈಯಲ್ಲಿ. ಹೆಚ್ಚಿನವರು ಉಲ್ಟಾ ಹಿಡಿಯುತ್ತಾರೆ.

ತುಮಕೂರಿನ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಮಾತು ಓದಿ ಕ್ಲಿನಿಕ್‌ಗೆ ಮತ್ತೆ ಫೋನ್ ಮಾಡಿದೆ. ಸಿಟಿಆರ್‌ಐ ನಂಬರ್ ಕೇಳಿದೆ. ಇದು ಟ್ರಯಲ್ ಅಲ್ಲ ಮೇಡಂ, ಟ್ರೀಟ್‌ಮೆಂಟ್ ಅಂದರು. ಹಾಗಾದರೆ ಔಷಧ ನಿಯಂತ್ರಕರ ಅನುಮತಿ ಪತ್ರ ಕಳಿಸಿ ಅಂದೆ. ನಿಮ್ಮದೇ ಕೋಶ, ಅನುಮತಿ ಬೇಡ ಅಂದರು. ಬದುಕಿರುವ ಕೋಶ ಎಷ್ಟು ಅಂತ ಬರೆದು ಕೊಡುತ್ತೀರಾ ಅಂದರೆ ಡಾಕ್ಟರು ವಾಪಸ್ ಕರೆಯುತ್ತಾರೆ ಅಂತ ಇಟ್ಟರು. ಕರೆ ಬಂದಿಲ್ಲ. ಬಳೆ ಅಡ ಇಡುವುದಿಲ್ಲ ಅಂತ ಅಮ್ಮನ ಹತ್ತಿರ ಮಾತು ತೆಗೆದುಕೊಂಡಿದ್ದೇನೆ. ಕುರ್ಚಿ ಮೇಲೆ ಎದ್ದು ಕೂರುವುದು ನಿನ್ನೆಯಿಂದ ಶುರು, ಹುಬ್ಬು ಗಂಟಿಕ್ಕಿಕೊಂಡೇ ಮಾಡುತ್ತಿದ್ದಾರೆ. ಅನುಮತಿ ಇರುವ ಇಂಜೆಕ್ಷನ್ ಬಗ್ಗೆ ಎರಡು ಮೂರು ತಿಂಗಳು ಬಿಟ್ಟು ನಮ್ಮ ಡಾಕ್ಟರನ್ನೇ ಕೇಳುತ್ತೇವೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಮುಂದಿನ ತಿಂಗಳು ತಮ್ಮನ ಮದುವೆ. ಅಷ್ಟರಲ್ಲಿ ನೋವು ತಡೆಯದಿದ್ದರೆ ಸ್ಟಿರಾಯ್ಡ್ ಇಂಜೆಕ್ಷನ್ ಒಂದು ಹಾಕಿಸಬಹುದಾ? ಅಮ್ಮನಿಗೆ ಶುಗರ್ ಇದೆ.

ಮೈಸೂರು ಫಿಸಿಯೊ:

ಅದನ್ನು ನಿಮ್ಮ ಮೂಳೆ ಡಾಕ್ಟರೇ ನಿರ್ಧರಿಸಬೇಕು. ಶುಗರ್ ಇದೆ ಅಂತ ಮರೆಯದೆ ಮೊದಲೇ ಹೇಳಿ, ಯಾಕೆಂದರೆ ಮಂಡಿಗೆ ಹಾಕಿದ ಸ್ಟಿರಾಯ್ಡ್ ಕೆಲವು ದಿನ ರಕ್ತದ ಶುಗರ್ ಏರಿಸುತ್ತದೆ, ಮನೆಯಲ್ಲಿ ಮೀಟರ್ ಇದ್ದರೆ ದಿನಾ ನೋಡಿಕೊಳ್ಳಬೇಕು. ಮದುವೆಯಂಥ ಸಮಯಕ್ಕೆ ಒಂದು ಸಲ ಹಾಕಿಸುವವರು ಇದ್ದಾರೆ, ಅದು ಕೆಲವು ವಾರದ ಮಾತು. ಅಭ್ಯಾಸ ಮಾಡಿಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿ ನೋಡಿದ ಒಂದು ಅಮೆರಿಕದ ಟ್ರಯಲ್‌ನಲ್ಲಿ, 2017ರಲ್ಲಿ ಬಂದದ್ದು, ಕಾರ್ಟಿಲೇಜ್ ಇನ್ನೂ ಜಾಸ್ತಿ ಸವೆದಿತ್ತು, ನೋವಿನಲ್ಲಿ ಲಾಭವೂ ಇರಲಿಲ್ಲ. ಇಂಜೆಕ್ಷನ್ ಹಾಕಿಸಿದ ಮೇಲೆ ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮದುವೆ ಮನೆಯಲ್ಲಿ ಅಮ್ಮನಿಗೆ ಕೈ ಇರುವ ಎತ್ತರದ ಕುರ್ಚಿ ಒಂದು ಬೇರೆಯಾಗಿ ಹೇಳಿ ಇಡಿಸಿ, ಧಾರೆ ಹೊತ್ತಿನಲ್ಲೂ ಅದರ ಮೇಲೇ ಕೂರಲಿ.